ಮೆಣಸಿನಕಾಯಿಯ ತೌರುಮನೆ

ಕನ್ನಡದ ಕೆಲವು ಶಬ್ದಗಳು ತಮ್ಮ ಒಡಲಲ್ಲಿ ದೊಡ್ಡ ಚರಿತ್ರೆಯನ್ನೇ ಬಚ್ಚಿಟ್ಟುಕೊಂಡಿರುತ್ತವೆ. ದಿನಬಳಕೆಯ ಮಾತುಗಳಾದುದರಿಂದ ನಾವು ಅವುಗಳ ಕಡೆಗೆ ತಿರುಗಿ ನೋಡುವುದಿಲ್ಲ. ‘ಮೆಣಸಿನಕಾಯಿ’ ಅಂಥದೊಂದು ಶಬ್ದ. ಮೆಣಸು ಎಂಬುದು ಮಲೆನಾಡಿನ ಮರಗಳನ್ನು ತಬ್ಬಿ ಬೆಳೆಯುವ ಬಳ್ಳಿಯ ಕಾಳು. ಮೆಣಸಿನಕಾಯಿ ಬಯಲಿನ ಹೊಲದಲ್ಲಿ ಮೊಣಕಾಲೆತ್ತರಕ್ಕೆ ನಿಲ್ಲುವ ಗಿಡದ ಹಣ್ಣು. ಖಾರವೊಂದನ್ನು ಬಿಟ್ಟರೆ ಇವೆರಡಕ್ಕೂ ಬೇರಾವ ನಂಟೂ ಇಲ್ಲ. ಹೀಗಿದ್ದೂ ಒಂದರ ಹೆಸರು ಇನ್ನೊಂದಕ್ಕೆ ಹೇಗೆ ಬಂತು? ಹೊಸದಾಗಿ ಬಂದ ಅತಿಥಿಯನ್ನು ನಮ್ಮವರು ಮನೆಯಲ್ಲಿದ್ದವನ ಹೆಸರಿನಿಂದಲೇ ಕರೆದರು. ಅತಿಥಿ ಎಷ್ಟರಮಟ್ಟಿಗೆ ಮನೆಯವನಾಗಿಬಿಟ್ಟನೆಂದರೆ, ಕೊನೆಗೆ ಮೂಲದ ಮೆಣಸೇ ‘ಕರಿಮೆಣಸು’, ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ವಿಶೇಷಣವನ್ನು ತಗುಲಿಸಿಕೊಂಡು ತನ್ನ ಗುರುತನ್ನು ತಾನೇ ಹೇಳಿಕೊಳ್ಳಬೇಕಾಯಿತು.

ನಾನಿರುವ ಜೋಗುಪಾಳ್ಯದ ಓಣಿಯಲ್ಲಿ ಈ ಚರಿತ್ರೆಯನ್ನು ನಾಲ್ಕು ಭಾಷೆಗಳಲ್ಲಿ ಕೇಳಬಹುದು. ಹಲಸೂರು ಕೆರೆಗೂ ಇಂದಿರಾನಗರಕ್ಕೂ ನಡುವೆ ಒತ್ತಿಕೊಂಡಿರುವ ಬಡಾವಣೆ ನಮ್ಮದು. 1809ರಲ್ಲಿ ಇಂಗ್ಲಿಷರ ಸೈನ್ಯ ಬಂದು ಬೆಂಗಳೂರಿನಲ್ಲಿ ದಂಡುಪ್ರದೇಶ ಹುಟ್ಟಿದ ಮೇಲೆ, ಅದರ ಆಶ್ರಯದಲ್ಲಿ ಕೂಲಿ, ವ್ಯಾಪಾರ, ಕಸುಬುಗಳನ್ನು ಅರಸಿ ನಾನಾ ಸೀಮೆಯ ಜನ ಈ ಕಡೆಗೆ ಬಂದು ನೆಲೆಸಿದರು. 1947ರಲ್ಲಿ ದಂಡು ಮತ್ತೆ ಮೈಸೂರು ಸಂಸ್ಥಾನದ ಕೈಗೆ ಬಂತು. ಬಂದ ಜನ ಇಲ್ಲಿಯವರೇ ಆಗಿ ಉಳಿದರು. ನಮ್ಮ ಪಕ್ಕದ ಮನೆಯ ಪಾಟಿ ಮೆಣಸಿನಕಾಯಿಯನ್ನು ‘ಮಿಳಗಾಯ್’ ಎನ್ನುತ್ತಾರೆ. ಅವರ ಮಾತಿನಲ್ಲಿ ‘ಮಿಳಗು’ ಎಂದರೆ ಕರಿಮೆಣಸು, ‘ಕಾಯ್’ ಎಂದರೆ ಕಾಯಿ. ಎದುರು ಮನೆಯ ತೆಲುಗರು ‘ಮಿರಪಕಾಯ’ ಎನ್ನುತ್ತಾರೆ. ಮೂಲೆಯ ಅಂಗಡಿಯ ಸಾಹೇಬರು ‘ಮಿರ್ಚಿ’ ಎಂದು ತೂಗಿ ಕೊಡುತ್ತಾರೆ. ಆ ಮಾತಿನ ಬೇರು ಕರಿಮೆಣಸನ್ನು ಹೇಳುವ ಸಂಸ್ಕೃತದ ‘ಮರೀಚ’ದಲ್ಲಿದೆ. ಊರು ಬೇರೆ, ನುಡಿ ಬೇರೆಯಾದರೂ ಹೊಸ ಖಾರವನ್ನು ಬರಮಾಡಿಕೊಂಡ ರೀತಿ ಎಲ್ಲರದೂ ಒಂದೇ.

ನಮ್ಮ ಮನೆಯ ಮಟ್ಟಿಗೆ ಮೆಣಸಿನಕಾಯಿ ಎಂದರೆ ಅವ್ವನ ರಂಜಕ. ಅವ್ವ ಹುಟ್ಟಿ ಬೆಳೆದದ್ದು ಬ್ಯಾಡಗಿಯ ಸೀಮೆಯಲ್ಲಿ. ಈಗ ಹಾವೇರಿ ಜಿಲ್ಲೆಗೆ ಸೇರಿರುವ ಆ ಊರಿನ ಮೆಣಸಿನಕಾಯಿಯನ್ನು ತಿಳಿಯದ ಅಡಿಗೆಮನೆ ಕರ್ನಾಟಕದಲ್ಲಿ ವಿರಳ. ಮುದುಕಿಯ ಕೆನ್ನೆಯಂತೆ ಸುಕ್ಕುಗಟ್ಟಿದ ಕಾಯಿ. ಬಣ್ಣದಲ್ಲಿ ಅತಿ ಕೆಂಪು, ಖಾರದಲ್ಲಿ ಮಿತ. ಆ ಬಣ್ಣದ ದೆಸೆಯಿಂದಲೇ ಅದರ ತೈಲಸಾರಕ್ಕೆ ದೇಶವಿದೇಶಗಳಲ್ಲಿ ಬೇಡಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಅವ್ವ ಮದುವೆಯಾಗಿ ಜೋಗುಪಾಳ್ಯಕ್ಕೆ ಬಂದಾಗ ತೌರಿನಿಂದ ತಂದ ಸಾಮಾನುಗಳಲ್ಲಿ ಬಹುಕಾಲ ಬಾಳಿದವು ಎರಡು: ಒಂದು ಅರೆಯುವ ಕಲ್ಲು, ಇನ್ನೊಂದು ಕಂದುಬಣ್ಣದ ಭರಣಿ.

ಸಂಕ್ರಾಂತಿಯ ಸುಮಾರಿಗೆ ಸೋದರಮಾವನ ಮನೆಯಿಂದ ಒಂದು ಚೀಲ ಹಣ್ಣು ಮೆಣಸಿನಕಾಯಿ ಬಸ್ಸಿನಲ್ಲಿ ಬರುತ್ತಿತ್ತು. ಒಣಗಿಸಿದ ಕಾಯಲ್ಲ, ಗಿಡದಲ್ಲೇ ಕೆಂಪಾದ ಹಸಿ ಹಣ್ಣು. ಅವ್ವ ಅವನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ನೀರಿನ ಪಸೆ ಚೂರೂ ಇಲ್ಲದಂತೆ ಒರಸುವಳು. ‘ನೀರು ಉಳಿದ್ರ ಬೂಸ್ಲು ಬರ್ತೈತಿ’ ಎಂಬುದು ಅವಳ ಮೊದಲ ಪಾಠ. ತೊಟ್ಟು ಮುರಿದು, ಉಪ್ಪು ಬೆರೆಸಿ, ಹುರಿದ ಮೆಂತ್ಯ, ಇಂಗು, ಬೆಳ್ಳುಳ್ಳಿ, ತುಸು ಬೆಲ್ಲ ಸೇರಿಸಿ ಕಲ್ಲಿನ ಮೇಲೆ ಅರೆಯುವಳು. ನಿಂಬೆಯ ಹುಳಿ ಹಿಂಡುವಳು. ಕಿಲೋ ಹಣ್ಣಿಗೆ ಕಾಲು ಕಿಲೋಗಿಂತ ತುಸು ಕಡಮೆ ಉಪ್ಪು ಎಂಬುದು ಅವಳ ಲೆಕ್ಕ. ಭರಣಿಗೆ ತುಂಬಿ, ಬಾಯಿಗೆ ಬಿಳಿಯ ಬಟ್ಟೆ ಕಟ್ಟಿ ಇಟ್ಟರೆ ಅದು ಮುಂದಿನ ಸಂಕ್ರಾಂತಿಯವರೆಗೆ ಕೆಡುತ್ತಿರಲಿಲ್ಲ. ಬಿಸಿ ಜೋಳದ ರೊಟ್ಟಿ, ಅದರ ಮೇಲೊಂದು ಬೆರಳು ರಂಜಕ, ಪಕ್ಕದಲ್ಲಿ ಗಟ್ಟಿ ಮೊಸರು: ಆ ಊಟವನ್ನು ಉಂಡವನಿಗೇ ಅದರ ಸೊಗಸು ಗೊತ್ತು. ಪಾಟಿಯ ಮನೆಗೆ ಒಂದು ಬಟ್ಟಲು ಹೋಗುತ್ತಿತ್ತು. ಅವರು ಅದನ್ನು ದೋಸೆಗೆ ಸವರಿಕೊಂಡು ತಿನ್ನುತ್ತಿದ್ದರು.

ಮೂರು ವರ್ಷಗಳ ಹಿಂದೆ ಅವ್ವನ ಕೈಬೆರಳುಗಳ ಗೆಣ್ಣುಗಳಲ್ಲಿ ನೋವು ಕಾಣಿಸಿಕೊಂಡಿತು. ವೈದ್ಯರು ಕಲ್ಲು ಹಿಡಿಯಬಾರದೆಂದರು. ವಿದ್ಯುತ್ ಯಂತ್ರದಲ್ಲಿ ಅರೆದುಕೊಡುತ್ತೇವೆಂದು ನಾವು ಹೇಳಿದೆವು. ಅವಳು ತಲೆಯಾಡಿಸಿ ಸುಮ್ಮನಾದಳು. ಭರಣಿ ಅಟ್ಟವನ್ನೇರಿ ಬೋರಲು ಮಲಗಿತು. ಕಲ್ಲು ಹಿತ್ತಿಲ ಗೋಡೆಗೆ ಒರಗಿತು. ಮನೆಯಲ್ಲಿ ಯಾರೂ ಆ ವಿಷಯವನ್ನು ಎತ್ತಲಿಲ್ಲ. ಕೆಲವು ವಸ್ತುಗಳು ಮನೆಯಿಂದ ಹೊರಟುಹೋಗುವಾಗ ಸದ್ದು ಮಾಡುವುದಿಲ್ಲ. ಬಹಳ ದಿನಗಳಾದ ಮೇಲೆ ಅವುಗಳ ಜಾಗ ಬರಿದಾಗಿರುವುದು ಕಣ್ಣಿಗೆ ಬೀಳುತ್ತದೆ.

ಹೀಗಿರಲು, ದಕ್ಷಿಣ ಅಮೆರಿಕದ ಪೆರು ದೇಶದ ರಾಜಧಾನಿ ಲೀಮಾದಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ ರಜೆಯ ಮೇಲೆ ಬಂದ. ಅವನ ಪೆಟ್ಟಿಗೆಯಿಂದ ಹೊರಬಂದ ಉಡುಗೊರೆಗಳಲ್ಲಿ ಒಂದು ಗಾಜಿನ ಸೀಸೆ. ಅದರೊಳಗೆ ಅರಿಸಿನಕ್ಕಿಂತ ಗಾಢವಾದ, ಕಿತ್ತಳೆಗಿಂತ ತಿಳಿಯಾದ ಬಣ್ಣದ ನುಣ್ಣನೆಯ ಅರಪು. ‘ಇದು ಅಲ್ಲಿಯ ಮೆಣಸಿನಕಾಯಿ, ಅಜ್ಜಿ. ಅಹೀ ಅಮರೀಯೊ ಅಂತ ಹೆಸರು’ ಎಂದ. ಅಮರೀಯೊ ಎಂದರೆ ಸ್ಪೇನಿನ ಭಾಷೆಯಲ್ಲಿ ಹಳದಿ. ಅಹೀ ಎಂದರೆ ಮೆಣಸಿನಕಾಯಿ. ನಮ್ಮ ಕಾವ್ಯಗಳಲ್ಲಿ ‘ಅಹಿ’ ಎಂದರೆ ಹಾವು. ಕಚ್ಚುವ ಗುಣವೊಂದರಲ್ಲಿ ಎರಡು ಭಾಷೆಗಳೂ ಒಮ್ಮತಕ್ಕೆ ಬಂದಿವೆಯಲ್ಲ ಎಂದು ನಾವು ನಕ್ಕೆವು. ಅವ್ವ ನಗಲಿಲ್ಲ. ಸೀಸೆಯನ್ನು ತಿರುಗಿಸಿ ನೋಡಿ, ‘ನನ್ನ ಭರಣಿ ಅಟ್ಟಕ್ಕ ಹೋತು, ಅಂಗಡಿ ಬಾಟ್ಲಿ ಒಲಿ ಮುಂದ ಬಂತು’ ಎಂದಷ್ಟೇ ಹೇಳಿ ಒಳಗೆ ಹೋದಳು.

ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಹೊರಗಿನಿಂದ ಬಂದದ್ದರ ಮೇಲಿನ ಅಸಮಾಧಾನವಲ್ಲ ಅದು. ತನ್ನ ಕೈಯ ಕೆಲಸಕ್ಕೆ ಇನ್ನು ಈ ಮನೆಯಲ್ಲಿ ಸ್ಥಾನವಿಲ್ಲವೇನೋ ಎಂಬ ಶಂಕೆ.

ಮರುದಿನ ತಂಗಿಯ ಮಗ ತಾನೇ ಅಡಿಗೆಗೆ ನಿಂತ. ಪೆರು ದೇಶದ ಮನೆಮನೆಯ ತಿನಿಸೊಂದಿದೆ. ‘ಪಾಪಾ ಆ ಲಾ ವಾಂಕಾಯಿನಾ’ ಎಂದು ಅದರ ಹೆಸರು. ‘ಪಾಪಾ’ ಎಂದರೆ ಆಲೂಗೆಡ್ಡೆ. ಆಂಡೀಸ್ ಪರ್ವತಗಳ ಜನರ ಕೆಚುವಾ ಭಾಷೆಯ ಮಾತು. ಬೇಯಿಸಿದ ಆಲೂಗೆಡ್ಡೆಯನ್ನು ಬಿಲ್ಲೆಗಳಾಗಿ ಕೊಯ್ದು, ಅದರ ಮೇಲೆ ಹಸಿ ಗಿಣ್ಣು, ಹಾಲು, ಎಣ್ಣೆ, ಉಪ್ಪುಬಿಸ್ಕತ್ತು, ಹಳದಿ ಮೆಣಸಿನಕಾಯಿಯ ಅರಪು ಇವುಗಳನ್ನು ಕೂಡಿಸಿ ಅರೆದ ಗೊಜ್ಜನ್ನು ಸುರಿಯುತ್ತಾರೆ. ಅವನು ಗಿಣ್ಣಿಗೆ ಬದಲಾಗಿ ಪನೀರು ಹಾಕಿದ. ಬಾಣಲೆಯ ಬಿಸಿ ಎಣ್ಣೆಗೆ ಅರಪು ಬಿದ್ದೊಡನೆ ಮೂಗಿಗೆ ಬಂದದ್ದು ನಾವು ನಿರೀಕ್ಷಿಸಿದ್ದ ಘಾಟಲ್ಲ. ಮಾಗಿದ ಹಣ್ಣಿನ ಪರಿಮಳ. ನಾಲಗೆಗೆ ಮೊದಲು ಆ ಹಣ್ಣಿನ ರುಚಿ ತಾಕಿತು. ಖಾರ ಅನಂತರ, ನಿಧಾನವಾಗಿ, ಗಂಟಲಿನಿಂದ ಮೇಲೇರಿತು. ಉಳಿದ ಅರಪನ್ನು ನಾನು ಮುಂದಿನ ದಿನಗಳಲ್ಲಿ ನಮ್ಮ ಅಡಿಗೆಗಳಲ್ಲಿ ಪ್ರಯೋಗಿಸಿದೆ. ಮಜ್ಜಿಗೆ ಹುಳಿಗೆ ಅದು ಚೆನ್ನಾಗಿ ಹೊಂದಿತು. ಆಲೂಗೆಡ್ಡೆಯ ಪಲ್ಯಕ್ಕೆ ಅದಕ್ಕಿಂತಲೂ ಚೆನ್ನಾಗಿ. ಆಲೂಗೆಡ್ಡೆಗೆ ಅದು ಹೊಸ ಪರಿಚಯವಲ್ಲ. ಒಂದೇ ಬೆಟ್ಟದ ತಪ್ಪಲಿನಲ್ಲಿ ಸಾವಿರಾರು ವರ್ಷ ಒಟ್ಟಿಗೆ ಬಾಳಿದ ನೆರೆಹೊರೆ.

ಹಾಲು, ಮೊಸರು, ಗಿಣ್ಣುಗಳ ಜೊತೆಗೆ ಖಾರ ಹೊಂದುವುದಕ್ಕೆ ಕಾರಣವಿದೆ. ಮೆಣಸಿನಕಾಯಿಯ ಉರಿಯ ಮೂಲ ಕ್ಯಾಪ್ಸೈಸಿನ್ ಎಂಬ ದ್ರವ್ಯ. ಅದು ಹೆಚ್ಚಾಗಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ನೀರಿನಲ್ಲಿ ಅದು ಕರಗದು. ಆದುದರಿಂದಲೇ ಖಾರ ಹತ್ತಿದವನು ನೀರು ಕುಡಿದರೆ ಉರಿ ಶಮನವಾಗುವುದಿಲ್ಲ, ಮಜ್ಜಿಗೆ ಕುಡಿದರೆ ಆಗುತ್ತದೆ. ನಮ್ಮ ನರಗಳಲ್ಲಿ ಸುಡುವ ಬಿಸಿಯನ್ನು ಗುರುತಿಸುವ ಗ್ರಾಹಕವೊಂದಿದೆ. ಕ್ಯಾಪ್ಸೈಸಿನ್ ಅದನ್ನೇ ಕೆಣಕುತ್ತದೆ. ಬಾಯಲ್ಲಿ ಬೆಂಕಿಯಿಲ್ಲದಿದ್ದರೂ ಬೆಂಕಿ ಬಿದ್ದಂತೆ ಮಿದುಳಿಗೆ ವರ್ತಮಾನ ಹೋಗುತ್ತದೆ. ಈ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಇನ್ನೊಬ್ಬ ವಿಜ್ಞಾನಿಯೊಡನೆ ಹಂಚಿಕೊಂಡರು. ಹಕ್ಕಿಗಳಿಗೆ ಈ ಉರಿ ತಟ್ಟುವುದಿಲ್ಲ. ಪಂಜರದ ಗಿಳಿ ಮೆಣಸಿನಕಾಯಿಯನ್ನು ಸವಿದು ತಿನ್ನುವುದನ್ನು ನೀವೂ ಕಂಡಿರಬಹುದು. ಕಾಡಿನಲ್ಲಿ ಹಣ್ಣನ್ನು ನುಂಗಿ ಬೀಜವನ್ನು ದೂರಕ್ಕೆ ಸಾಗಿಸುವ ಕೆಲಸ ಹಕ್ಕಿಗಳದೇ.

ಮೂರನೆಯ ದಿನ ಅವ್ವ ಯಾರೂ ಹೇಳದೆ ತಾನಾಗಿಯೇ ಸೀಸೆಯ ಮುಚ್ಚಳ ತೆಗೆದು, ಬೆರಳ ತುದಿಯಲ್ಲಿ ತುಸು ಅರಪನ್ನು ನಾಲಗೆಗೆ ಇಟ್ಟುಕೊಂಡಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಬೀಜ ತಗದಾರ. ತಿರುಳು ತಗದಾರ. ಸಿಪ್ಪಿನೂ ಸುಲದಾರ. ಅವಸರದಾಗ ಮಾಡಿದ್ದಲ್ಲ ಇದು’ ಎಂದಳು. ತಂಗಿಯ ಮಗ ಬೆರಗಾದ. ಅಲ್ಲಿಯ ಮನೆಗಳಲ್ಲಿ ಮಾಡುವ ಕ್ರಮ ಅದೇ. ಕಾಯನ್ನು ಸೀಳಿ, ಬೀಜವನ್ನೂ ತಿರುಳನ್ನೂ ಬಿಡಿಸಿ, ನೀರು ಬದಲಾಯಿಸುತ್ತ ಕುದಿಸಿ, ದಪ್ಪ ಸಿಪ್ಪೆಯನ್ನು ಸುಲಿದು, ತುಸು ಎಣ್ಣೆ ಕೂಡಿಸಿ ಅರೆಯುತ್ತಾರೆ. ಸೀಸೆಯಲ್ಲಿ ಬರುವುದು ಕಾರ್ಖಾನೆಯದೇ ಇರಬಹುದು. ಆದರೆ ಆ ಕ್ರಮವನ್ನು ಕಂಡುಹಿಡಿದದ್ದು ಯಂತ್ರವಲ್ಲ. ಹಿಂದೆ ಅವರೂ ಕಲ್ಲಿನ ಮೇಲೆ ಅರೆಯುತ್ತಿದ್ದರು. ಹಳ್ಳಿಗಳಲ್ಲಿ ಇಂದಿಗೂ ಅರೆಯುವವರಿದ್ದಾರೆ. ‘ಬತಾನ್’ ಎಂಬ ಅಗಲವಾದ ಚಪ್ಪಟೆ ಕಲ್ಲು, ಅದರ ಮೇಲೆ ಎರಡು ಕೈಯಿಂದ ಹಿಡಿದು ತೊಟ್ಟಿಲಂತೆ ಅತ್ತಿತ್ತ ತೂಗುವ ಗುಂಡುಕಲ್ಲು. ಅದರ ಚಿತ್ರವನ್ನು ಅವನು ತನ್ನ ಫೋನಿನಲ್ಲಿ ತೋರಿಸಿದಾಗ ಅವ್ವ ಕನ್ನಡಕ ತರಿಸಿಕೊಂಡು ನೋಡಿದಳು. ಕಲ್ಲಿನ ಮುಂದೆ ಕುಳಿತ ಹೆಂಗಸಿನ ಮುಖವನ್ನಲ್ಲ, ಅವಳ ತೋಳನ್ನು ನೋಡಿದಳು. ‘ಪಾಪ, ಆಕೀಗೂ ಗೆಣ್ಣು ನೋಯ್ತಿರಬೇಕು’ ಎಂದಳು.

ಮೆಣಸಿನಕಾಯಿಯ ಕುಲದ ಮೂಲಸ್ಥಾನ ಆಂಡೀಸ್ ಪರ್ವತಗಳ ಆಸುಪಾಸು ಎಂಬುದು ಸಸ್ಯವಿಜ್ಞಾನಿಗಳ ಅಭಿಪ್ರಾಯ. ಅಲ್ಲಿಂದ ಹಕ್ಕಿಗಳ ಹೊಟ್ಟೆಯಲ್ಲಿ ಪ್ರಯಾಣ ಮಾಡಿ ಅದು ಎರಡು ಅಮೆರಿಕಗಳಿಗೂ ಹರಡಿತು. ಮನುಷ್ಯರು ಹೊಲಕ್ಕೆ ತಂದು ಸಾಕಿದ ಪ್ರಭೇದಗಳು ಐದು. ನಮ್ಮ ಬ್ಯಾಡಗಿಯ ಪೂರ್ವಿಕರು ಮೆಕ್ಸಿಕೊ ದೇಶದಲ್ಲಿ ಸಾಕಿದ ಪ್ರಭೇದಕ್ಕೆ ಸೇರಿದವರು. ಪೆರುವಿನ ಹಳದಿ ಮೆಣಸಿನಕಾಯಿ ಇನ್ನೊಂದು ಪ್ರಭೇದ. ಆದುದರಿಂದ ಇವೆರಡೂ ತಾಯಿ ಮಕ್ಕಳಲ್ಲ, ದಾಯಾದಿಗಳು. 1492ರಲ್ಲಿ ಕೊಲಂಬಸನು ಕರಿಮೆಣಸಿನ ನಾಡನ್ನು, ಎಂದರೆ ನಮ್ಮ ದೇಶವನ್ನು, ಹುಡುಕುತ್ತ ಹೋಗಿ ಅಮೆರಿಕದ ದ್ವೀಪಗಳನ್ನು ಮುಟ್ಟಿದ. ಅಲ್ಲಿ ಅವನಿಗೆ ಮೆಣಸು ಸಿಕ್ಕಲಿಲ್ಲ, ಮೆಣಸಿನಕಾಯಿ ಸಿಕ್ಕಿತು. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಅವರ ಹಡಗುಗಳು ಹೋಗುವಾಗ ನಮ್ಮ ಮೆಣಸನ್ನು ಒಯ್ದವು, ಬರುವಾಗ ಮೆಣಸಿನಕಾಯಿಯನ್ನು ತಂದವು. ಗೋವೆಯಿಂದ ಘಟ್ಟ ಹತ್ತಿದರೆ ಧಾರವಾಡ, ಹಾವೇರಿಗಳ ಕಪ್ಪು ಮಣ್ಣು. ಮುಂದಿನದನ್ನು ನಮ್ಮ ರೈತರು ಮಾಡಿದರು. ಬೀಜವನ್ನು ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ, ಖಾರಕ್ಕಿಂತ ಬಣ್ಣ ಮಿಗಿಲಾದ ಕಾಯನ್ನು ಪಡೆದರು. ಯಾವ ಹಡಗೂ ಬ್ಯಾಡಗಿಯ ಮೆಣಸಿನಕಾಯಿಯನ್ನು ತರಲಿಲ್ಲ. ಅದು ಇಲ್ಲಿಯೇ ಆದದ್ದು.

ಈ ಸಂದರ್ಭದಲ್ಲಿ ನನಗೆ ಒಬ್ಬ ಲೇಖಕನ ನೆನಪಾಗುತ್ತದೆ. ಅವನ ಹೆಸರು ಗಾರ್ಸಿಲಾಸೊ ದೆ ಲಾ ವೇಗ. 1539ರಲ್ಲಿ ಪೆರುವಿನ ಕುಸ್ಕೊ ನಗರದಲ್ಲಿ ಹುಟ್ಟಿದವನು; ತಂದೆ ಸ್ಪೇನಿನ ಸೇನಾನಿ, ತಾಯಿ ಇಂಕಾ ರಾಜವಂಶದ ಹೆಣ್ಣುಮಗಳು. ಇಪ್ಪತ್ತರ ಹರೆಯದಲ್ಲಿ ಸ್ಪೇನಿಗೆ ಹೋದವನು ಮತ್ತೆ ತಾಯ್ನಾಡನ್ನು ಕಾಣಲಿಲ್ಲ. ಮುಪ್ಪಿನಲ್ಲಿ ಅಲ್ಲಿಯೇ ಕುಳಿತು ಇಂಕಾ ಜನರ ಚರಿತ್ರೆಯನ್ನು ಬರೆದ. ಆ ಗ್ರಂಥದಲ್ಲಿ ಮೆಣಸಿನಕಾಯಿಗೂ ಒಂದು ಸ್ಥಾನವಿದೆ. ತನ್ನ ಜನ ಅದನ್ನು ‘ಉಚು’ ಎನ್ನುತ್ತಾರೆ. ಬೇಯಿಸಿದ್ದಿರಲಿ, ಸುಟ್ಟದ್ದಿರಲಿ, ಅದಿಲ್ಲದೆ ಉಣ್ಣುವುದಿಲ್ಲ. ಕಠಿಣವಾದ ಉಪವಾಸವ್ರತಗಳಲ್ಲಿ ಅದನ್ನು ತ್ಯಜಿಸುತ್ತಾರೆ ಎಂದು ಅವನು ವಿವರಿಸಿದ್ದಾನೆ. ಆ ಪುಸ್ತಕ 1609ರಲ್ಲಿ ಅಚ್ಚಾದದ್ದು ಲಿಸ್ಬನ್ ನಗರದಲ್ಲಿ. ಗೋವೆಗೆ ಹಡಗುಗಳು ಹೊರಡುತ್ತಿದ್ದ ಅದೇ ರೇವುಪಟ್ಟಣದಲ್ಲಿ.

ನಮ್ಮಲ್ಲಿಯೂ ಮೆಣಸಿನಕಾಯಿಯನ್ನು ವರ್ಜಿಸುವ ದಿನಗಳಿವೆ. ಅನೇಕ ವೈದಿಕ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಮೆಣಸಿನಕಾಯಿ ಸಲ್ಲದು. ಅಂದು ಖಾರಕ್ಕೆ ಕರಿಮೆಣಸೇ ಗತಿ. ಹಿರಿಯರಿಗೆ ಎಡೆಯಿಡುವಾಗ ಹಿರಿಯರ ಕಾಲದ ಅಡಿಗೆಯೇ ಆಗಬೇಕೆಂಬ ಭಾವನೆ ಅದರ ಹಿಂದಿರುವಂತೆ ತೋರುತ್ತದೆ. ವಿಚಾರಮಾಡಿದರೆ ಇದೊಂದು ವಿನೋದ. ಅವರು ಅತ್ಯಂತ ಪ್ರಿಯವಾದುದೆಂದು ಅದನ್ನು ಬಿಟ್ಟರು. ನಾವು ಹೊಸದಾಗಿ ಬಂದುದೆಂದು ಬಿಟ್ಟೆವು. ವರ್ಷದ ಉಳಿದ ದಿನಗಳಲ್ಲಿ ಇಬ್ಬರಿಗೂ ಅದಿಲ್ಲದೆ ತುತ್ತು ಇಳಿಯದು.

ಒಂದು ಪದಾರ್ಥ ನಮ್ಮದಾಗುವುದು ಯಾವಾಗ? ಹುಟ್ಟಿದ ನೆಲವೊಂದೇ ಪ್ರಮಾಣವಾದರೆ ನಮ್ಮ ಸಾರು, ಹುಳಿ, ಪಲ್ಯಗಳೆಲ್ಲ ಪರದೇಶದ್ದಾಗಿಬಿಡುತ್ತವೆ. ಬಿತ್ತಿದ ಕೈ, ಆರಿಸಿದ ಕಣ್ಣು, ಅರೆದ ತೋಳು ಇವುಗಳ ಸವೆತದಿಂದ ಅದು ನಮ್ಮದಾಗುತ್ತದೆ. ಕೈ ನಿಂತರೆ, ನಮ್ಮ ಮಣ್ಣಿನಲ್ಲೇ ಬೆಳೆದದ್ದೂ ಅಂಗಡಿಯ ಸರಕಾಗುತ್ತದೆ. ನಮ್ಮ ಮನೆಯ ರಂಜಕಕ್ಕೆ ಕುತ್ತು ಬಂದದ್ದು ಪೆರುವಿನ ಸೀಸೆಯಿಂದಲ್ಲ. ಅವ್ವನ ಕೈ ಸೋತಾಗ ಮುಂದಕ್ಕೆ ಬಂದ ಇನ್ನೊಂದು ಕೈ ಇಲ್ಲದ್ದರಿಂದ.

ಈ ಮಾತನ್ನು ನಾನು ಮನೆಯಲ್ಲಿ ಉಪನ್ಯಾಸವಾಗಿ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಬತಾನಿನ ಚಿತ್ರವನ್ನು ಕಂಡ ಮೇಲೆ ನನ್ನ ಮಗಳು ಹಿತ್ತಿಲಿಗೆ ಹೋಗಿ ಕಲ್ಲಿನ ಪಾಚಿಯನ್ನು ಉಜ್ಜತೊಡಗಿದಳು. ಅವಳು ಕಾಲೇಜಿಗೆ ಹೋಗುವ ಹುಡುಗಿ, ಕಲ್ಲು ಮುಟ್ಟಿದವಳಲ್ಲ. ಹಲಸೂರಿನ ಕಡೆಯಿಂದ ಕರೆದು ತಂದ ಕೆಲಸಗಾರನು ಉಳಿ ಹಿಡಿದು ಕಲ್ಲಿಗೆ ಹೊಸದಾಗಿ ಕಚ್ಚು ಹೊಡೆದುಕೊಟ್ಟ. ಸಂಕ್ರಾಂತಿಗೆ ಸೋದರಮಾವನ ಮನೆಯಿಂದ ಮೂರು ವರ್ಷಗಳ ಅನಂತರ ಮತ್ತೆ ಚೀಲ ಬಂತು. ಅವ್ವ ಮಣೆ ಹಾಕಿಕೊಂಡು ಪಕ್ಕದಲ್ಲಿ ಕುಳಿತಳು. ಮಗಳು ಅರೆದಳು. ಮೊದಲ ಅರ್ಧ ಗಂಟೆಯಲ್ಲಿ ಅವಳ ಕಣ್ಣು, ಮೂಗು, ಅಂಗೈ ಎಲ್ಲ ಉರಿದವು. ಅವ್ವ ಅವಳ ಕೈಗೆ ಎಣ್ಣೆ ಸವರಿದಳು. ‘ತೋಳಿನಿಂದ ಅರಿಬ್ಯಾಡ, ಮೈಯಿಂದ ಅರಿ. ಮುಂದಕ್ಕ ಹೋಗುವಾಗ ಭಾರ ಹಾಕು, ಹಿಂದಕ್ಕ ಬರುವಾಗ ಬಿಡು’ ಎಂದಳು. ನಲವತ್ತು ವರ್ಷ ಆ ಕಲ್ಲಿನ ಮುಂದೆ ಕುಳಿತವಳ ವಿದ್ಯೆ ಅಂದು ಎರಡು ವಾಕ್ಯಗಳಲ್ಲಿ ಹೊರಬಂತು. ನುಣುಪು ಅವಳದರಷ್ಟು ಬರಲಿಲ್ಲ. ಪಾಟಿ ಗೋಡೆಯಾಚೆಯಿಂದ ವಾಸನೆ ಹಿಡಿದು, ಕೈಯಲ್ಲಿ ಬಟ್ಟಲು ಹಿಡಿದುಕೊಂಡೇ ಬಂದರು.

ತಂಗಿಯ ಮಗ ಆ ವೇಳೆಗೆ ಲೀಮಾಕ್ಕೆ ಹಿಂದಿರುಗಿದ್ದ. ಅವನ ಗೆಳೆಯರೊಬ್ಬರು ಅಲ್ಲಿಗೆ ಹೊರಟಿರುವ ಸುದ್ದಿ ಬಂದಾಗ ಅವ್ವ, ಅರಪು ಮುಗಿದು ಬರಿದಾಗಿದ್ದ ಆ ಸೀಸೆಯನ್ನೇ ತೊಳೆಸಿ, ಬಿಸಿಲಿನಲ್ಲಿ ಒಣಗಿಸಿ, ರಂಜಕ ತುಂಬಿಸಿದಳು. ‘ತೌರಿಗೆ ಬರಿಗೈಲೆ ಹೋಗಬಾರದು’ ಎಂದಳು. ಯಾರ ತೌರು, ಯಾರು ಹೋಗುತ್ತಿರುವವರು ಎಂದು ನಾವು ಕೇಳಲಿಲ್ಲ.

ಸೀಸೆಗೆ ಅಂಟಿಸಲು ಮಗಳು ಒಂದು ಚೀಟಿ ಬರೆಯತೊಡಗಿದಳು. ‘ರಂಜಕ’ ಎಂದು ಬರೆದು, ಕೆಳಗೆ ಊರಿನ ಹೆಸರೇನು ಹಾಕಲಿ ಎಂದು ಕೇಳಿದಳು. ಹಣ್ಣು ಬಂದದ್ದು ಬ್ಯಾಡಗಿಯಿಂದ. ಅವ್ವನ ತೌರೂ ಅದೇ ಸೀಮೆ. ಅವ್ವ ಕ್ಷಣಕಾಲ ಮೊಮ್ಮಗಳ ಕೆಂಪಾದ ಅಂಗೈಯನ್ನು ನೋಡಿದಳು.

‘ಅರೆದದ್ದು ಎಲ್ಲೆ? ಇಲ್ಲೇ ಅಲ್ಲೇನ? ಹಂಗಾದ್ರ ಜೋಗುಪಾಳ್ಯ ಅಂತನ ಬರಿ’ ಎಂದಳು.